ಚಳಿಗೆ ಅಂಜದ ಜನ

ಆ ಬೆಳಿಗ್ಗೆ ಜಿಟಿಜಿಟಿ ಮಳೆ, ಜೊತೆಗೆ ಕಿವಿ ಕಚ್ಚುವ ಗಾಳಿ. ಭಗವಂತ ಯಾರ ಸಮಾರಂಭವನ್ನೂ ಕೇಳಿಕೊಂಡು ಮಳೆ ಸುರಿಸುವುದಿಲ್ಲ ಎಂಬುದು ನಿವೃತ್ತ ರಾಯಭಾರಿಗಳಿಗೆ ಅಸಮಾಧಾನದ ಸಂಗತಿಯಾಗಿತ್ತು. ಸಂಜೆ ಅವರ ಪುಸ್ತಕದ ಬಿಡುಗಡೆ. ಒಂದು ಮಾತು ಮುಂಚಿತವಾಗಿ ತಿಳಿಸಬಹುದಿತ್ತು.

ಪುಸ್ತಕ ದಪ್ಪಗಿತ್ತು. ತಾವು ಕೆಲಸ ಮಾಡಿದ ಪರದೇಶದ ಬದುಕು, ಇತಿಹಾಸ, ಸಂಸ್ಕೃತಿಯನ್ನೆಲ್ಲ ಅವರು ಅದರಲ್ಲಿ ಅರೆದು ತುಂಬಿದ್ದರು. ಅಲ್ಲಿದ್ದಷ್ಟು ಕಾಲವೂ ಆ ದೇಶವನ್ನು ಹೆಚ್ಚಾಗಿ ಕಾರಿನ ಗಾಜಿನೊಳಗಿಂದಲೇ ಕಂಡದ್ದು ನಿಜ. ಆದರೆ ಗಾಜನ್ನು ಡ್ರೈವರು ದಿನವೂ ಚೆನ್ನಾಗಿ ಒರೆಸುತ್ತಿದ್ದ.

ಕರಡು ಓದಿದವರೆಲ್ಲ ಹೊಗಳಿದ್ದು ‘ಚಳಿಗೆ ಅಂಜದ ಜನ’ ಎಂಬ ಅಧ್ಯಾಯವನ್ನು. ಅದರ ಕಥಾನಾಯಕ ಒಂದು ಕೋಟು; ಉಣ್ಣೆಯದು, ಕಂದು ಬಣ್ಣದ್ದು, ಮೊಣಕಾಲು ದಾಟುವಂಥದ್ದು. ರಾಯಭಾರಿಗಳು ಆ ದೇಶಕ್ಕೆ ಕಾಲಿಟ್ಟಾಗ ಅವರ ಪೆಟ್ಟಿಗೆಗಳು ಇನ್ನಾವುದೋ ದೇಶಕ್ಕೆ ಕಾಲಿಟ್ಟಿದ್ದವು. ಮರುದಿನವೇ ಅಲ್ಲಿನ ಅಧ್ಯಕ್ಷರಿಗೆ ಅಧಿಕಾರಪತ್ರ ಒಪ್ಪಿಸಬೇಕು, ಹೊರಗೆ ಹಿಮ. ಪಕ್ಕದ ಮನೆಯ ಗಡಿಯಾರ ರಿಪೇರಿಯವನು ಬೇಲಿಯಾಚೆಯಿಂದ ನೋಡಿದ. ಇವರು ನಡುಗುತ್ತಿದ್ದರು. ಅವನು ಒಳಗೆ ಹೋಗಿ ಕೋಟು ತಂದು ಇವರ ಹೆಗಲಿಗೆ ಹೊದಿಸಿದ.

ಬೇರೆ ಯಾರೇ ಆಗಿದ್ದರೂ ಸಂಜೆ ಕೋಟು ಹಿಂದಕ್ಕೆ ಕೊಟ್ಟು, ದೊಡ್ಡ ಉಪಕಾರವಾಯಿತು ಅನ್ನುತ್ತಿದ್ದರು. ಇವರು ಶಿಷ್ಟಾಚಾರದಲ್ಲಿ ಪಳಗಿದವರು. ಪರದೇಶದವನು ಕೈಯಾರೆ ಕೊಟ್ಟದ್ದು ಉಡುಗೊರೆ. ಉಡುಗೊರೆಗೆ ಮರು ಉಡುಗೊರೆ ಹೋಗಲೇಬೇಕು. ಮೊಹರು ಒತ್ತಿದ ಕೃತಜ್ಞತಾಪತ್ರದ ಸಮೇತ ಅಂಗೈಯಗಲದ ಮರದ ಆನೆಯೊಂದು ಬೇಲಿ ದಾಟಿತು.

“ರೀ, ಪಾಪ, ಅವರು ಒಂದು ಹೊತ್ತಿಗೆ ಹಾಕ್ಕೊಳ್ಳಿ ಅಂತ ಕೊಟ್ಟಿರಬೇಕು,” ಎಂದಿದ್ದರು ಹೆಂಡತಿ.

“ನಿನಗೆ ಇದೆಲ್ಲ ಗೊತ್ತಾಗಲ್ಲ. ಉಡುಗೊರೆ ವಾಪಸ್ ಮಾಡಿದ್ರೆ ಎರಡು ದೇಶದ ಸಂಬಂಧ ಕೆಡುತ್ತೆ.”

“ಪಕ್ಕದ ಮನೆ ಸಂಬಂಧ?”

“ಅದು ನಮ್ಮ ಇಲಾಖೆಗೆ ಬರಲ್ಲ.”

ಆ ಚಳಿಗಾಲವಿಡೀ ಗಡಿಯಾರದವನು ಮೊಣಕೈ ಸವೆದ ಸ್ವೆಟರಿನಲ್ಲೇ ಅಂಗಡಿಗೆ ನಡೆದು ಹೋಗುತ್ತಿದ್ದ. ರಾಯಭಾರಿಗಳು ಕಾರಿನೊಳಗೆ, ಅವನ ಕೋಟಿನೊಳಗೆ ಕೂತು ನೋಡಿ ಬೆರಗಾದರು. ಬಂದು ಬರೆದರು: ‘ಚಳಿಯ ಬಗೆಗಿನ ತಾತ್ಸಾರ ಈ ಜನರ ರಕ್ತದಲ್ಲೇ ಇದೆ. ಶತಮಾನಗಳ ಇತಿಹಾಸ ಇವರ ಚರ್ಮವನ್ನು ಹದ ಮಾಡಿದೆ.’

ಈಗ ಆ ಕೋಟು ನಡುಮನೆಯಲ್ಲಿ ಮರದ ಬೊಂಬೆಯೊಂದರ ಮೈಮೇಲೆ, ವೇದಿಕೆಗೆ ಒಯ್ಯುವ ವ್ಯಾನಿಗಾಗಿ ಕಾಯುತ್ತಿತ್ತು. ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ವ್ಯಾನಿನವನಲ್ಲ, ತೆಳುವಾದ ಜಾಕೆಟಿನಲ್ಲಿ ತೊಯ್ದು ನಿಂತ ಒಬ್ಬ ಹೆಂಗಸು.

ಅವಳು ಗಡಿಯಾರದವನ ಮಗಳು. ತನ್ನ ದೇಶದ ವ್ಯಾಪಾರಿಗಳ ಜೊತೆ ದುಭಾಷಿಯಾಗಿ ಬಂದಿದ್ದಳು. ಮಾತೆಲ್ಲ ಅವಳ ನುಡಿಯಲ್ಲೇ ನಡೆಯಿತು. ರಾಯಭಾರಿಗಳಿಗೆ ಆ ನುಡಿ ಔತಣದಲ್ಲಿ ಲೋಟ ಎತ್ತುವಷ್ಟು ಬರುತ್ತಿತ್ತು. ಹೆಂಡತಿಗೆ ನೆರೆಯವರ ಜೊತೆ ಜಗಳವಾಡಿ ಮತ್ತೆ ರಾಜಿಯಾಗುವಷ್ಟು.

“ಬೇಲಿ ಹತ್ತಿ ಕೂರ್ತಿದ್ದ ಪುಟ್ಟಿ ಅಲ್ವೇನೇ ನೀನು? ಬಾ ಒಳಗೆ, ಮೊದಲು ತಲೆ ಒರೆಸ್ಕೋ. ಅಪ್ಪ ಹೇಗಿದ್ದಾರೆ?”

“ಇದ್ದಾರಮ್ಮ. ಕೆಮ್ಮು ಬಿಟ್ಟಿಲ್ಲ.” ಅವಳು ಚೀಲದಿಂದ ಮರದ ಆನೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ದಿನವೂ ಒರೆಸಿ ಒರೆಸಿ ಅದರ ಬೆನ್ನು ಮಿರಿಮಿರಿ ಮಿಂಚುತ್ತಿತ್ತು. “ಇದನ್ನ ಜೋಪಾನವಾಗಿ ತಲುಪಿಸು ಅಂದ್ರು.”

“ಅದು ಉಡುಗೊರೆ ಅಲ್ವೇನಮ್ಮ?” ಎಂದರು ರಾಯಭಾರಿಗಳು.

“ಹೌದಾ ಸಾರ್? ಕೋಟು ವಾಪಸ್ ಬರೋ ತನಕ ನೀವು ಅಡವಿಟ್ಟಿರೋದು ಅಂತ ಅಪ್ಪ ತಿಳ್ಕೊಂಡಿದ್ರು. ಮೊಹರು ನೋಡಿ ಆ ಕಾಗದಾನೂ ರಸೀದಿ ಅಂದ್ಕೊಂಡ್ರು. ಎಷ್ಟು ಮರ್ಯಾದಸ್ತರು ನೋಡು ಅಂತಿದ್ರು.”

ಹೆಂಡತಿ ಸೆರಗು ಬಾಯಿಗಡ್ಡ ಹಿಡಿದರು. ನಗುವೋ ಬೇರೆಯದೋ, ಅಂತರ್ಯಾಮಿಗೇ ಗೊತ್ತು.

“ತಾತಂದು ಆ ಕೋಟು. ಮನೇಲಿದ್ದ ದಪ್ಪ ಕೋಟು ಅದೊಂದೇ. ನೀವು ವರ್ಗವಾಗಿ ಹೋದಾಗಲೂ ಅಪ್ಪ ಕೇಳಲಿಲ್ಲ, ನಾಚಿಕೆ. ಈಗ ಹೊಸದು ಕೊಡಿಸ್ತೀನಿ ಅಂದ್ರೆ ಬೇಡ, ಅದನ್ನೇ ಹಾಕ್ಕೊಂಡು ಬಿಸಿಲಿಗೆ ಕೂರ್ಬೇಕು ಅಂತಾರೆ. ಮಧ್ಯಾಹ್ನ ನಮ್ಮ ವಿಮಾನ.”

ರಾಯಭಾರಿಗಳು ಗಂಟಲು ಸರಿಮಾಡಿಕೊಂಡರು. “ನೋಡಮ್ಮ, ಅದೀಗ ಬರೀ ಕೋಟಲ್ಲ. ಎರಡು ದೇಶಗಳ ನಡುವಿನ ಸೇತುವೆ. ಇವತ್ತೊಂದು ದಿನ ಕಳೀಲಿ, ಆಮೇಲೆ ಸೂಕ್ತ ಮಾರ್ಗದಲ್ಲಿ...”

“ರೀ,” ಎಂದರು ಹೆಂಡತಿ, ಅತ್ಯಂತ ಮೆತ್ತಗೆ. “ಆ ಅಧ್ಯಾಯ ಇದೆಯಲ್ಲ, ಚರ್ಮ ಹದ ಮಾಡಿದ್ದು, ಅದನ್ನ ಈ ಮಗುಗೆ ಒಂದು ಸಲ ಓದಿ ಹೇಳಿ. ಅವರಪ್ಪಂದೇ ಕಥೆ, ಕೇಳಿ ಹೋಗಲಿ.”

ಅವರು ಪುಸ್ತಕ ತೆರೆದರು. ಕನ್ನಡಕ ಏರಿಸಿದರು. ಆ ಸಾಲು ಅಲ್ಲೇ ಇತ್ತು, ಮುದ್ದಾದ ಅಚ್ಚಿನಲ್ಲಿ. ಎಂಥೆಂಥ ಸಭೆಗಳಲ್ಲಿ ಏನೂ ಹೇಳದೆ ಗಂಟೆಗಟ್ಟಲೆ ಮಾತಾಡಿದ್ದ ಬಾಯಿ ಅದು, ಈಗ ತೆರೆಯಲಿಲ್ಲ. ಅವಳ ಜಾಕೆಟಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ರಾಯಭಾರಿಗಳು ಪುಸ್ತಕ ಮುಚ್ಚಿ ಎದ್ದರು. ಬೊಂಬೆಯ ಕೊರಳಿಗೆ ಕಟ್ಟಿದ್ದ ರಿಬ್ಬನ್ನು ಬಿಚ್ಚಿದರು, ಗುಂಡಿ ಒಂದೊಂದಾಗಿ ಕಳಚಿದರು, ಹೆಗಲ ಮೇಲಿನ ಧೂಳನ್ನು ಅಂಗೈಯಲ್ಲೇ ಒರೆಸಿದರು. ಆಮೇಲೆ ಅವಳ ಬೆನ್ನ ಹಿಂದೆ ಹೋಗಿ, ಕೋಟನ್ನು ಅಗಲವಾಗಿ ಬಿಡಿಸಿ ಹಿಡಿದು, ಅವಳು ಒಂದು ತೋಳು, ಇನ್ನೊಂದು ತೋಳು ತೂರಿಸುವವರೆಗೂ ನಿಂತರು.