ಅಮ್ಮಿಯ ಹದ್ದು

ಗಂಡ ಸತ್ತವಳಿಗೆ ಒಡವೆ ಯಾಕೆ ಎಂದು ಶರೀಫ್ ಚಾಚಾ ನಮ್ಮ ಅಮ್ಮಿಯ ಕೊರಳಿಂದ ಆ ನಾಣ್ಯವನ್ನು ಬಿಚ್ಚಿಸಿಕೊಂಡಾಗ ಅಬ್ಬಾನ ಗೋರಿಯ ಮಣ್ಣು ಇನ್ನೂ ಒಣಗಿರಲಿಲ್ಲ. ಅಣ್ಣನ ವಸ್ತು ತಮ್ಮನಿಗೇ ಸೇರಬೇಕಂತೆ. ಅಮ್ಮಿ ಅಳಲಿಲ್ಲ.

ಯುದ್ಧಕಾಲದಲ್ಲಿ ಬೆಂಗಳೂರಿನಲ್ಲಿ ಸೆರೆಯಿದ್ದ ಇಟಲಿಯ ಸಿಪಾಯಿಯೊಬ್ಬನಿಗೆ ಅಬ್ಬಾ ನಮ್ಮ ಚನ್ನಪಟ್ಟಣದ ಮರದ ಕುದುರೆ ಮಾಡಿಕೊಟ್ಟಿದ್ದರು. ಅದಕ್ಕೆ ಅವನು ಕೊಟ್ಟದ್ದು ಈ ಬೆಳ್ಳಿ ನಾಣ್ಯ. ಅಬ್ಬಾ ಅದಕ್ಕೆ ತೂತು ಕೊರೆಯದೆ ತಂತಿ ಸುತ್ತಿ ಅಮ್ಮಿಯ ಕೊರಳಿಗೆ ಕಟ್ಟಿದ್ದರು. ಸಿಸಿಲಿ ಎಂಬ ದ್ವೀಪದ ಹಳೆಯ ರಾಜನದು. ಒಂದು ಕಡೆ ಅವನ ತಲೆ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ಅಚ್ಚಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದದ್ದು, ಸೊಟ್ಟಗಿರುವುದೇ ಅದರ ಗುರುತು ಎಂದು ಅಬ್ಬಾ ಮಗಳಾದ ನನಗೆ ಹೇಳಿದ್ದರು. ಅಮ್ಮಿಗೆ ಇದೆಲ್ಲ ಬೇಕಿರಲಿಲ್ಲ. ಕೂತಲ್ಲಿ ನಿಂತಲ್ಲಿ ಹೆಬ್ಬೆರಳಿನಿಂದ ಹದ್ದನ್ನು ಸವರುತ್ತಿದ್ದಳು.

ಚಾಚಾ ಅದನ್ನು ಹಳೆ ನಾಣ್ಯ ಕೊಳ್ಳುವ ಬೆಂಗಳೂರಿನ ಸಾಹುಕಾರನಿಗೆ ಮಾರಲು ಹೊರಟ. ಚಾಚಾನೂ ಗೊಂಬೆ ಕಡೆಯುವವನೇ. ನಮ್ಮ ಕಸುಬಿನಲ್ಲಿ ಗುಂಡಗಿಲ್ಲದ್ದು ಒಲೆಗೆ ಹೋಗುತ್ತದೆ. ಸೊಟ್ಟ ಅಂಚು ನೋಡಿ ಅವನಿಗೆ ನಾಚಿಕೆಯಾಗಿರಬೇಕು. ತಂದು ನನ್ನ ಲೇತಿನ ಮುಂದೆ ಇಟ್ಟ. ಆಗಷ್ಟೇ ಆಣೆ ಹೋಗಿ ಹೊಸ ಪೈಸೆ ಬಂದಿತ್ತು.

"ಹೊಸ ಪೈಸೆ ತರ ದುಂಡಗೆ ಮಾಡು ಮುನವ್ವರಾ. ಒಸಿ ಹೊಳಪೂ ಬರ್ಸು."

ಸೊಟ್ಟಗಿದ್ದರೇ ಅದಕ್ಕೆ ಬೆಲೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನ್ಯಾಕೆ ಹೇಳಲಿ?

ಅರಗು ಕಾಯಿಸಿ ನಾಣ್ಯವನ್ನು ಮರದ ತುದಿಗೆ ಅಂಟಿಸಿ, ಲೇತಿಗೆ ಕೊಟ್ಟು ಅರ ಹಿಡಿದೆ. ಅಂಚು ಪುಡಿಯಾಗಿ ಉದುರಿತು. ಆಮೇಲೆ ಮರಳುಕಾಗದ. ರಾಜನ ಮೂಗು ಹೋಯಿತು, ಕಿರೀಟ ಹೋಯಿತು. ತಿರುಗಿಸಿ ಅಂಟಿಸಿ, ಹದ್ದಿನ ಮೇಲೆ ಹಿಡಿಯುವಾಗ ಮಾತ್ರ ಕೈ ಒಂದು ಗಳಿಗೆ ನಿಂತಿತು. ಅಮ್ಮಿಯ ಬೋಳು ಕೊರಳು ನೆನಪಾಯಿತು. ಒತ್ತಿಯೇ ಉಜ್ಜಿದೆ. ಗಾಳಿ ತಾಕಿದರೆ ಹೊಳಪು ಮಾಸುತ್ತದೆ, ಗಿರಾಕಿಯ ಮುಂದೆಯೇ ಬಿಚ್ಚಿ ಎಂದು ಹತ್ತಿಯಲ್ಲಿ ಸುತ್ತಿಕೊಟ್ಟೆ.

ಸಾಹುಕಾರ ನಮ್ಮ ಮನೆಗೇ ಬಂದ. ಹತ್ತಿ ಬಿಚ್ಚಿ ನೋಡಿ, ನಾಣ್ಯ ಎಲ್ಲಿ ಎಂದು ಕೇಳಿದ. ಇದೇ ಎನ್ನುವಷ್ಟರಲ್ಲಿ ಚಾಚಾನ ದನಿ ಇಳಿದಿತ್ತು. ಅದನ್ನು ಕೊಂದುಬಿಟ್ಟಿದ್ದೀರಿ ಎಂದು ಸಾಹುಕಾರ ಎದ್ದು ಹೋದ.

ಚಾಚಾ ನನ್ನತ್ತ ತಿರುಗಿದ.

"ದುಂಡಗೆ ಮಾಡು ಅಂದಿದ್ದು ನೀವೇ ಅಲ್ವಾ?" ಎಂದೆ.

ಮಾಡಿದ್ದುಣ್ಣೋ ಮಹರಾಯ. ಅವನು ಬಿಲ್ಲೆಯನ್ನು ನನ್ನ ಕಾಲ ಬಳಿ ಎಸೆದು ನಡೆದ. ನಾನು ಅದಕ್ಕೆ ತೂತು ಕೊರೆದು, ದಾರ ಪೋಣಿಸಿ ಅಮ್ಮಿಯ ಕೊರಳಿಗೆ ಕಟ್ಟಿದೆ. ಅವಳ ಹೆಬ್ಬೆರಳು ನುಣುಪಿನ ಮೇಲೆ ಜಾರಿತು.

"ಹದ್ದು ಎಲ್ಲೋಯ್ತೇ?"

"ಚಾಚಾನ ಹೊಟ್ಟೇಲಿ ಕೂತ್ಕೊಂಡು ಕುಕ್ತಾ ಐತೆ ಅಮ್ಮಿ."

ಅಬ್ಬಾ ಹೋದ ಮೇಲೆ ಅಮ್ಮಿ ಮೊದಲ ಸಲ ನಕ್ಕಳು. ಹೆಬ್ಬೆರಳು ಮಾತ್ರ ಹುಡುಕುತ್ತಲೇ ಇತ್ತು.