ಒಗ್ಗರಣೆಯ ಉಸಿರು

ಮುಲೂಖಿಯಾ ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕುವಾಗ ಉಸಿರೆಳೆಯದ ಹೆಂಗಸು ಈಜಿಪ್ಟಿನ ನಮ್ಮ ಬನ್ಹಾ ಊರಲ್ಲಿ ಇನ್ನೂ ಹುಟ್ಟಿಲ್ಲ. ಬೆಳ್ಳುಳ್ಳಿ, ಕೊತ್ತಂಬರಿ ಬೀಜ ತುಪ್ಪದಲ್ಲಿ ಕೆಂಪಗಾಗಿ ಹಸಿರು ಸಾರಿಗೆ ಬಿದ್ದು ಚುಂಯ್ ಅನ್ನುವ ಗಳಿಗೆಯಲ್ಲಿ, ಅಡುಗೆಯವಳು ಹಾವು ತುಳಿದವಳ ಹಾಗೆ 'ಹಾ!' ಎಂದು ಗಟ್ಟಿಯಾಗಿ ಉಸಿರು ಒಳಗೆಳೆದುಕೊಳ್ಳಬೇಕು. ಎಳೆಯದಿದ್ದರೆ ಸೊಪ್ಪು ತಳಕ್ಕಿಳಿಯುತ್ತದೆ, ರುಚಿ ಓಡಿಹೋಗುತ್ತದೆ. ಯಾಕೆ ಎಂದು ಕೇಳಬೇಡಿ. ಓದಿದವರು ಇದನ್ನು ಕೇಳಿ ನಗುತ್ತಾರೆ. ಅವರ ಮನೆಯ ಅಡುಗೆಮನೆಯಲ್ಲೂ ಉಸಿರು ಕೇಳಿಸುತ್ತದೆ.

ನಬವಿಯಾ ಉಸಿರೆಳೆದರೆ ಕೆಳಗಿನ ಮಹಡಿಯವರಿಗೆ ಊಟದ ಹೊತ್ತಾಯಿತೆಂದು ತಿಳಿಯುತ್ತಿತ್ತು. ಅವಳು ಶುಕ್ರಿಯ ಅಕ್ಕ. ತಾಯಿ ಸತ್ತಾಗ ಶುಕ್ರಿ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸೊಂಟದ ಮೇಲೆ ಹೊತ್ತು ಹೊಲದ ಕೆಲಸ ಮಾಡಿದವಳು ನಬವಿಯಾ. ಸಂಬಂಧಗಳು ಬಂದವು. ತಮ್ಮ ತನ್ನ ಕಾಲ ಮೇಲೆ ನಿಲ್ಲಲಿ, ಆಮೇಲೆ ನೋಡೋಣ ಎಂದಳು. ತಮ್ಮ ನಿಲ್ಲುವ ಹೊತ್ತಿಗೆ ಕೇಳಿಕೊಂಡು ಬರುವವರು ಯಾರೂ ಉಳಿದಿರಲಿಲ್ಲ. ಶುಕ್ರಿ ಅಫಾಫ್‌ಳನ್ನು ಮದುವೆಯಾಗಿ ಬನ್ಹಾಕ್ಕೆ ಬಂದಾಗ ಅವಳೂ ಗಂಟು ಕಟ್ಟಿಕೊಂಡು ಬಂದಳು. ಕಪ್ಪು ಗಲಾಬಿಯಾ ನಿಲುವಂಗಿ, ಗಲ್ಲದ ಮೇಲೆ ಹಸಿರು ಹಚ್ಚೆಯ ಚುಕ್ಕಿ, ಬಾಯಲ್ಲಿ ಹಳ್ಳಿಯ ಮಾತು. ಬಂದವಳೇ ತಾರಸಿಯನ್ನು ವಶಪಡಿಸಿಕೊಂಡಳು. ಯಾರೋ ಎಸೆದ ಸ್ನಾನದ ತೊಟ್ಟಿಯಲ್ಲಿ ಮುಲೂಖಿಯಾ, ತುಪ್ಪದ ಡಬ್ಬಗಳಲ್ಲಿ ಪುದೀನ, ಒಡೆದ ಬಕೆಟ್ಟಿನಲ್ಲಿ ಬದನೆ. ಜುಲೈ ಬಿಸಿಲಿಗೆ ಊರಿಗೆ ಊರೇ ಬಾಡಿ ಮಲಗಿದ್ದರೂ ಅವಳ ತಾರಸಿ ಮಾತ್ರ ಹಸಿರಾಗಿರುತ್ತಿತ್ತು.

ಅಫಾಫ್ ಕೆಟ್ಟವಳಲ್ಲ. ಅಂಚೆ ಕಚೇರಿಯಲ್ಲಿ ದುಡಿದು ಬಂದು, ಅತ್ತಿಗೆ ಬಡಿಸಿದ್ದನ್ನು ಉಂಡು, 'ನಿಮ್ಮ ಕೈಗೆ ಸುಖವಿರಲಿ' ಎಂದು ದಿನವೂ ಹೇಳುವವಳು. ಆದರೆ ಮಗಳ ಸಂಬಂಧದ ಮಾತು ಬಂದರೆ ಒಳ್ಳೆಯವರ ಬುದ್ಧಿಯೂ ಹುಲ್ಲು ಮೇಯಲು ಹೋಗುತ್ತದೆ.

ಮಗಳು ರಿಹಾಬ್ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ತಾಯಿಯ ಮಾತ್ರೆ ಕೊಳ್ಳಲು ಬರುತ್ತಿದ್ದ ಹಾತೆಮ್, ಬರಬರುತ್ತಾ ಮಾತ್ರೆ ಮುಗಿಯದಿದ್ದರೂ ಬರತೊಡಗಿದ. ಅವನ ತಾಯಿ ಮೇಡಂ ಇಗ್ಲಾಲ್ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ವಿಧವೆ. ಹೆಣ್ಣು ನೋಡಲು ಮೊದಲ ಸಲ ಇವರ ಮನೆಗೆ ಬಂದಾಗ ಅನ್ನ ತುಂಬಿದ ದ್ರಾಕ್ಷಿ ಎಲೆಯ ಸುರುಳಿ ತಿಂದು, "ಯಾರ ಕೈ ಇದು?" ಎಂದು ಕೇಳಿದಳು. ಅಫಾಫ್ ಬಾಯಿಂದ "ರಿಹಾಬ್‌ದು" ಎಂದು ಬಂದುಬಿಟ್ಟಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಇದು ಮೊದಲನೆಯದು ತಾನೇ ಎಂದು ಅವಳು ಸಮಾಧಾನ ಮಾಡಿಕೊಂಡಳು. ಆಮೇಲೆ ವಾರವಾರವೂ ಇಗ್ಲಾಲ್ ಮನೆಗೆ ಮುಚ್ಚಿದ ತಟ್ಟೆ ಹೋಗುತ್ತಿತ್ತು. ಮಾಡುತ್ತಿದ್ದವಳು ನಬವಿಯಾ, ಹೆಸರು ರಿಹಾಬ್‌ದು.

"ನನ್ನ ಕೈ ಬ್ಯಾರೆ, ಅವಳ ಕೈ ಬ್ಯಾರೆನಾ? ಮಗೀಗೆ ಒಳ್ಳೇದಾದ್ರೆ ಸಾಕು ಕಣವ್ವ" ಎಂದು ನಬವಿಯಾ ನಗುತ್ತಿದ್ದಳು.

ರಿಹಾಬ್ ಮಾತ್ರ ಮುಖ ಸಿಂಡರಿಸುತ್ತಿದ್ದಳು. "ಅಮ್ಮ, ನನಗೆ ಮೊಟ್ಟೆ ಬೇಯಿಸೋಕೂ ಬರಲ್ಲ. ನಾಳೆ ಅವರ ಮನೇಲಿ ಏನು ಮಾಡ್ಲಿ? ನಬವಿಯಾ ಅತ್ತೇನ ಬೀರುವಲ್ಲಿ ಬಚ್ಚಿಟ್ಕೊಂಡು ಹೋಗ್ಲಾ?"

"ಬಾಯಿ ಮುಚ್ಚು. ಮದುವೆ ಆದ್ಮೇಲೆ ಎಲ್ಲರೂ ಕಲೀತಾರೆ."

ಹೀಗಿರುವಾಗ ಇಗ್ಲಾಲ್ ಕರೆ ಬಂತು. ಈ ಶುಕ್ರವಾರ ಎರಡೂ ಮನೆಯವರು ಕನಾತಿರ್ ತೋಟಕ್ಕೆ ಹೋಗೋಣ, ನೈಲ್ ದಂಡೆಯಲ್ಲಿ ಊಟ ಮಾಡೋಣ, ದೇವರು ಮನಸ್ಸು ಮಾಡಿದರೆ ಅಲ್ಲೇ ಫಾತಿಹಾ ಪ್ರಾರ್ಥನೆ ಓದಿ ಮಾತು ಗಟ್ಟಿ ಮಾಡೋಣ. "ಒಂದೇ ಆಸೆ. ರಿಹಾಬ್ ಮುಲೂಖಿಯಾನ ಅಲ್ಲೇ ಒಲೆ ಮೇಲೆ ಮಾಡಿ ಬಡಿಸ್ಲಿ. ಬಿಸಿಬಿಸಿ ತಿನ್ನೋಣ."

ಅಫಾಫ್ ಫೋನಿಟ್ಟವಳೇ ಅತ್ತಿಗೆಯ ಹತ್ತಿರ ಓಡಿದಳು. ಅಲ್ಲೇ ಒಂದು ಉಪಾಯ ಹೂಡಿದಳು. ಶುಕ್ರವಾರ ನಬವಿಯಾ ಬೆಳಗ್ಗೆಯೇ ತಾರಸಿಯ ಸೊಪ್ಪು ಕಿತ್ತು, ಎರಡು ಹಿಡಿಯ ಬಾಗು ಕತ್ತಿಯಲ್ಲಿ ಸಣ್ಣಗೆ ಕೊಚ್ಚಿದಳು. ಮೊಲ ಬೇಯಿಸಿ ರಸ ತೆಗೆದಳು. ಬೆಳ್ಳುಳ್ಳಿ ಜಜ್ಜಿ ಡಬ್ಬಿಗೆ ತುಂಬಿದಳು. ಅಲ್ಲಿ ರಸ ಬಿಸಿ ಮಾಡಿ, ಸೊಪ್ಪು ಹಾಕಿ, ಒಗ್ಗರಣೆ ಕೊಟ್ಟರಾಯಿತು. ಕುದಿಯುವ ಮೊದಲೇ ಇಳಿಸಬೇಕೆಂಬ ಒಂದು ಗುಟ್ಟು ಮಾತ್ರ ರಿಹಾಬ್‌ಗೆ ಹಿಡಿತಕ್ಕೆ ಬರಲಿಲ್ಲ. ಆದ್ದರಿಂದ ನಬವಿಯಾ ಜೊತೆಗೆ ಬರಲೇಬೇಕು, ಕಣ್ಣಸನ್ನೆ ಮಾಡಲು.

ಕನಾತಿರ್‌ನಲ್ಲಿ ಮರದ ನೆರಳೆಲ್ಲ ಜನರಿಂದ ತುಂಬಿತ್ತು. ಚಾಪೆ ಹಾಸಿ, ಸಣ್ಣ ಗ್ಯಾಸ್ ಒಲೆ ಇಟ್ಟು, ಶುಕ್ರಿ ಕಲ್ಲಂಗಡಿ ಕೊಯ್ಯಲು ಕುಳಿತ. ಇಗ್ಲಾಲ್ ಮಗನೊಂದಿಗೆ ಬಂದಳು. ಎಲ್ಲರ ಕೆನ್ನೆಗೆ ಕೆನ್ನೆ ತಾಗಿಸಿ, ಪಾತ್ರೆಗಳ ನಡುವೆ ಕುಕ್ಕುರುಗಾಲಲ್ಲಿ ಕುಳಿತಿದ್ದ ನಬವಿಯಾಳನ್ನು ನೋಡಿ ಕೇಳಿದಳು:

"ಇವರು ಯಾರು?"

ಈ ಎರಡು ತಿಂಗಳಲ್ಲಿ ಆ ಪ್ರಶ್ನೆ ಬಂದಿರಲಿಲ್ಲ. ಇಗ್ಲಾಲ್ ಮನೆಗೆ ಬಂದಾಗಲೆಲ್ಲ ನಬವಿಯಾ ಅಡುಗೆಮನೆ ಬಿಟ್ಟು ಹೊರಬಂದವಳಲ್ಲ. ಈಗ ಅಫಾಫ್‌ಗೆ ಒಂದೇ ಯೋಚನೆ: ಅತ್ತಿಗೆ ಅಂದರೆ, ಓಹೋ ಅಡುಗೆ ಇವರದ್ದೇ ಅನ್ನುತ್ತಾಳೆ.

"ಇವಳಾ? ಇವಳು ನಮ್ಮನೆ ಕೆಲಸದವಳು ಮೇಡಂ. ಪಾತ್ರೆ ತೊಳೆಯೋಕೆ ಇರ್ಲಿ ಅಂತ ಕರ್ಕೊಂಡು ಬಂದ್ವಿ."

ಮಾತು ಬಾಯಿಂದ ಬಿದ್ದ ಮೇಲೆ ಅದು ಎಷ್ಟು ಗಟ್ಟಿಯಾಗಿ ಕೇಳಿಸಿತೆಂದು ಅವಳಿಗೇ ಗಾಬರಿಯಾಯಿತು. ಶುಕ್ರಿಯ ಚಾಕು ಕಲ್ಲಂಗಡಿಯ ಮಧ್ಯದಲ್ಲಿ ನಿಂತಿತು. ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ನಂತರ ಚಾಕು ಮತ್ತೆ ಓಡಿತು. ನಾಚಿಕೆಗೇಡಿ ಗಂಡಸು, ಬೀಜ ತೆಗೆಯುವುದರಲ್ಲಿ ಅವನಿಗಿದ್ದ ಶ್ರದ್ಧೆಯನ್ನು ನೋಡಬೇಕಿತ್ತು. ರಿಹಾಬ್ ತಾಯಿಯನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು. ನಬವಿಯಾ ಎದ್ದು, "ಒಳ್ಳೇದಾಗ್ಲಿ ಅಮ್ಮಾವ್ರೇ" ಎಂದು ಹೇಳಿ, ಲೋಟಗಳನ್ನು ಎತ್ತಿಕೊಂಡು ನೀರಿನ ಕಡೆಗೆ ಹೋದಳು. ಕಣ್ಣಸನ್ನೆ ಮಾಡಬೇಕಾದವಳು ಈಗ ಮರದ ಆಚೆ, ಬೆನ್ನು ಹಾಕಿ ಕುಳಿತಿದ್ದಳು.

ಅಫಾಫ್ ತಟ್ಟೆಗಳನ್ನು ಹರವತೊಡಗಿದಳು. ಮನೆಗೆ ಹೋಗಿ ಕ್ಷಮೆ ಕೇಳಿದರಾಯಿತು, ಅತ್ತಿಗೆಗೆ ಅರ್ಥವಾಗುತ್ತದೆ, ಅವಳಿಗೆ ಇದುವರೆಗೆ ಯಾವುದು ತಾನೇ ಅರ್ಥವಾಗಿಲ್ಲ ಎಂದುಕೊಂಡಳು. ಆ ಕ್ಷಣಕ್ಕೆ ಅದು ಅವಳಿಗೆ ಸಮಾಧಾನ ಅನ್ನಿಸಿದ್ದು ಇನ್ನೂ ದೊಡ್ಡ ಹೇಸಿಗೆ.

ರಿಹಾಬ್ ರಸ ಬಿಸಿ ಮಾಡಿದಳು, ಸೊಪ್ಪು ಹಾಕಿದಳು. ಪಕ್ಕದ ಬಾಣಲೆಯಲ್ಲಿ ಬೆಳ್ಳುಳ್ಳಿ ಘಮ್ಮೆಂದಿತು. ಹಾತೆಮ್ ಕತ್ತು ಚಾಚಿ ನೋಡುತ್ತಿದ್ದ. ರಿಹಾಬ್ ಬಾಣಲೆ ಎತ್ತಿ ಸುರಿದಳು. ಚುಂಯ್ ಎಂದಿತು. ಅವಳು ತುಟಿ ಬಿಗಿದುಕೊಂಡೇ ಇದ್ದಳು.

"ಹಾ!"

ಉಸಿರು ಬಂದದ್ದು ಮರದ ಆಚೆಯಿಂದ. ಅಷ್ಟು ದೂರದಿಂದ, ಅಷ್ಟು ಜೋರಾಗಿ, ಪಕ್ಕದ ಚಾಪೆಯವರೂ ತಿರುಗಿ ನೋಡಿದರು. ನಬವಿಯಾ ಎರಡೂ ಕೈಯಿಂದ ತಲೆವಸ್ತ್ರ ಒತ್ತಿ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ಎಷ್ಟೋ ವರ್ಷಗಳ ಅಭ್ಯಾಸ, ಒಗ್ಗರಣೆಯ ಸದ್ದು ಕೇಳಿದರೆ ಅವಳ ಎದೆ ಅವಳ ಮಾತು ಕೇಳುವುದಿಲ್ಲ.

ಇಗ್ಲಾಲ್ ಮರದ ಕಡೆ ತಿರುಗಿ ನೋಡಿ, ನಕ್ಕಳು. "ಒಗ್ಗರಣೆ ಬಿದ್ದಿದ್ದು ಇಲ್ಲಿ, ಉಸಿರು ಬಂದಿದ್ದು ಅಲ್ಲಿಂದ! ಅಂದ್ರೆ ಇಷ್ಟು ದಿನ ನಾನು ಉಂಡಿದ್ದು ಅವಳ ಕೈ ಅಡುಗೆ. ಅಲ್ವಾ ಅಫಾಫ್?"

ಅಫಾಫ್‌ಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. "ಅದು... ಅವಳು ಸ್ವಲ್ಪ ಸಹಾಯ..."

"ಸಾಕು ಬಿಡಿ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತಾರೆ. ನನ್ನ ಮದುವೆ ಆದಾಗ ನನಗೆ ನೀರು ಕಾಯಿಸೋಕೂ ಬರ್ತಿರ್ಲಿಲ್ಲ. ಹುಡುಗಿ ಕಲೀತಾಳೆ, ಅದಕ್ಕೆ ಇಷ್ಟೆಲ್ಲಾ ನಾಟಕ ಯಾಕಮ್ಮ?"

ಇಷ್ಟೇ. ಎರಡು ತಿಂಗಳು ಹೊತ್ತು ತಿರುಗಿದ ಸುಳ್ಳು ಇಗ್ಲಾಲ್‌ಗೆ ಒಂದು ನಗೆಗಷ್ಟೇ ಸಾಕಾಯಿತು. ಅದನ್ನು ಕಾಪಾಡಲು ಹೇಳಿದ ಇನ್ನೊಂದು ಸುಳ್ಳು ಮಾತ್ರ ನೀರಿನ ದಂಡೆಯಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿತ್ತು. ಈಗಲಾದರೂ ಹೇಳಿಬಿಡಬೇಕೆಂದು ಅಫಾಫ್ ಬಾಯಿ ತೆರೆದಳು. ಹೇಗೆ ಶುರು ಮಾಡುವುದು? 'ಈಗ ತಾನೇ ಕೆಲಸದವಳು ಅಂದೆನಲ್ಲ, ಆಕೆ ನನ್ನ ಗಂಡನ ಅಕ್ಕ' ಎಂದೇ? ಬಿಸಿತುಪ್ಪ ನುಂಗಿದವಳಂತೆ ಕುಳಿತಳು.

ಊಟಕ್ಕೆ ಕುಳಿತರು. ಇಗ್ಲಾಲ್ ಒಳ್ಳೆಯ ಮನಸ್ಸಿನವಳು, ಕೆಲಸದವರನ್ನು ಮರೆಯುವವಳಲ್ಲ. ಒಂದು ತಟ್ಟೆಗೆ ಅನ್ನ, ಸಾರು, ಮೊಲದ ಕತ್ತಿನ ತುಂಡು ಹಾಕಿ, ತಾನೇ ಎದ್ದು ಹೋಗಿ ನಬವಿಯಾಗೆ ಕೊಟ್ಟಳು. "ತಗೋ, ಹೊಟ್ಟೆ ತುಂಬಾ ತಿನ್ನು. ಮಿಕ್ಕಿದ್ದನ್ನ ನಿನ್ನ ಮಕ್ಕಳಿಗೆ ಕಟ್ಕೊಂಡು ಹೋಗು."

"ನಿಮ್ಮ ಕೈಗೆ ಸುಖವಿರ್ಲಿ ಅಮ್ಮಾವ್ರೇ" ಎಂದಳು ನಬವಿಯಾ. ತಾನು ಬೆಳೆದ ಸೊಪ್ಪನ್ನು, ತಾನು ಬೇಯಿಸಿದ ಮಾಂಸವನ್ನು ಎರಡೂ ಕೈಯೊಡ್ಡಿ ಇಸಿದುಕೊಂಡು, ನೀರಿಗೆ ಮುಖ ಮಾಡಿ ತಿಂದಳು. ಅವಳು ಸಾಕಿದ ಒಬ್ಬನೇ ಮಗ, ತಮ್ಮ ಶುಕ್ರಿ, ಚಾಪೆಯ ಮೇಲೆ ಕುಳಿತು ಅನ್ನ ಕಲಸುತ್ತಲೇ ಇದ್ದ, ಒಂದು ತುತ್ತೂ ಬಾಯಿಗೆ ಹೋಗಲಿಲ್ಲ.

ಚಹಾ ಕುಡಿಯುತ್ತಾ ಇಗ್ಲಾಲ್ ಹೇಳಿದಳು, "ನನಗೆ ಒಪ್ಪಿಗೆ. ಫಾತಿಹಾ ಓದೋಣ. ಒಂದು ಮಾತು ಮಾತ್ರ, ಮದುವೆ ಆದ್ಮೇಲೆ ವಾರಕ್ಕೆರಡು ದಿನ ಆ ಹೆಂಗಸನ್ನ ನಮ್ಮನೆಗೆ ಕಳಿಸಿಕೊಡಿ. ರಿಹಾಬ್‌ಗೂ ಕಲಿಸ್ಲಿ, ನಮ್ಮ ಮನೆ ಕಸ-ಮುಸುರೇನೂ ನೋಡ್ಕೊಳ್ಳಲಿ. ಕೆಲಸದವಳಿಗೆ ಯಾವ ಮನೆಯಾದ್ರೇನು?"

ಅಫಾಫ್ ಗಂಡನ ಮುಖ ನೋಡಿದಳು. ಗಂಡ ಚಹಾದ ಲೋಟ ನೋಡಿದ.

"ಬತ್ತೀನಿ ಅಮ್ಮಾವ್ರೇ" ಎಂದು ದಂಡೆಯಿಂದ ನಬವಿಯಾಳೇ ಕೂಗಿದಳು. "ಯಾಕ್ ಬರಾಕಿಲ್ಲ, ಬತ್ತೀನಿ."

ಫಾತಿಹಾ ಓದಲು ಎಲ್ಲರೂ ಅಂಗೈ ಮೇಲೆತ್ತಿದರು. ರಿಹಾಬ್ ಎತ್ತಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡೇ, ಕಣ್ಣು ತುಂಬಿಕೊಂಡು ಹೇಳಿದಳು, "ನನ್ನ ಫಾತಿಹಾ ಓದೋವಾಗ ನಮ್ಮತ್ತೆ ಮುಸುರೆ ಪಾತ್ರೆ ಹತ್ರ ಕೂತಿರ್ಬೇಕಾ? ಅವರು ಕೆಲಸದವರಲ್ಲ ಮೇಡಂ. ನಮ್ಮಪ್ಪನ ಒಡಹುಟ್ಟಿದ ಅಕ್ಕ."

ಇಗ್ಲಾಲ್ ಕೈ ಗಾಳಿಯಲ್ಲೇ ನಿಂತಿತು. ನಬವಿಯಾ ಎದ್ದು ಬಿದ್ದು ಓಡಿ ಬಂದಳು. "ಇಲ್ಲ ಅಮ್ಮಾವ್ರೇ, ಕೂಸು ಪ್ರೀತಿಗೆ ಅತ್ತೆ ಅಂತದೆ. ನಾನು ಇವರ ಉಪ್ಪು ತಿಂದೋಳು, ಅಷ್ಟೇಯ. ಓದಿ, ಫಾತಿಹಾ ಓದಿ."

"ದೇವರ ಮೇಲೆ ಆಣೆ ಇಟ್ಟು ಹೇಳು" ಎಂದಳು ಇಗ್ಲಾಲ್.

ಸಂತೆಯಲ್ಲಿ ಬದನೆಕಾಯಿ ಚೌಕಾಸಿಗೂ ಆಣೆ ಇಡದವಳು ನಬವಿಯಾ. ಒಮ್ಮೆ ರಿಹಾಬ್ ಮುಖ ನೋಡಿದಳು, ಒಮ್ಮೆ ಹಾತೆಮ್ ಮುಖ ನೋಡಿದಳು. ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡಳು.

"ದೇವರಾಣೆಗೂ..."

"ಬೇಡ ಅತ್ತಿಗೆ!" ಅಫಾಫ್ ಕಿರುಚಿದಳು. ಓಡಿ ಹೋಗಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಬೇಡ. ನನಗೋಸ್ಕರ ನರಕಕ್ಕೂ ಹೋಗ್ತೀರಾ? ಹೌದು ಮೇಡಂ. ಅತ್ತಿಗೆ. ನಾನು ಸುಳ್ಳು ಹೇಳ್ದೆ."

ಇಗ್ಲಾಲ್ ಎದ್ದು ನಿಂತಳು. ಮುಖ ಕೆಂಪಾಗಿತ್ತು, ಅದು ಕೋಪವೊಂದೇ ಅಲ್ಲ. ನಬವಿಯಾಳ ತಲೆ ಹಿಡಿದು ಹಣೆಗೆ ಮುತ್ತಿಟ್ಟು, "ಎಂಜಲು ಕೊಟ್ಟ ಹಾಗೆ ತಟ್ಟೆ ಕೊಟ್ಟೆನಲ್ಲಕ್ಕಾ, ಮನ್ನಿಸಿಬಿಡಿ" ಎಂದಳು. ಆಮೇಲೆ ಅಫಾಫ್ ಕಡೆ ತಿರುಗಿದಳು.

"ಅಡುಗೆ ಬರ್ದೇ ಇರೋ ಸೊಸೆ ನನಗೆ ಭಾರ ಅಲ್ಲ. ಆದ್ರೆ ನನಗೂ ಒಬ್ಬನೇ ಮಗ. ಕೈಕಾಲು ಬಿದ್ದ ಮೇಲೆ ನಾನೂ ಅವನ ಮನೆ ಮೂಲೇಲೇ ಕೂರ್ಬೇಕು. ಆಗ ಬೀಗರು ನೆಂಟರು ಬಂದು 'ಈ ಮುದುಕಿ ಯಾರು' ಅಂದ್ರೆ, ನಿಮ್ಮನೇಲಿ ಬೆಳೆದ ಹುಡುಗಿ ಏನು ಹೇಳ್ಬೇಕು ಅಂತ ಕಲ್ತಿರ್ತಾಳೆ?"

"ಅಮ್ಮ, ನಿಜ ಹೇಳಿದ್ದು ಅವಳೇ ಅಲ್ವಾ" ಎಂದ ಹಾತೆಮ್ ಮೆಲ್ಲಗೆ.

"ಅದಕ್ಕೇ ಪೂರ್ತಿ ಇಲ್ಲ ಅಂತಿಲ್ಲ. ಯೋಚನೆ ಮಾಡ್ಬೇಕು" ಎಂದು ಹೇಳಿ ಅವಳು ಚಪ್ಪಲಿ ಮೆಟ್ಟಿದಳು. ಹಾತೆಮ್ ಎರಡು ಸಲ ತಿರುಗಿ ನೋಡುತ್ತಾ ಅವಳ ಹಿಂದೆ ಹೋದ.

ಮನೆಗೆ ಮರಳಲು ಬಾಡಿಗೆ ವ್ಯಾನ್ ಹತ್ತಿದರು. ಶುಕ್ರಿ ಅಕ್ಕನಿಗೆ ಮುಂದಿನ ಸೀಟು ತೋರಿಸಿದ. ಅವಳು, "ಪಾತ್ರೆ ಉರುಳ್ತವೆ, ಹಿಡ್ಕಂತೀನಿ" ಎಂದು ಹಿಂದೆಯೇ ಕುಳಿತಳು. ರಿಹಾಬ್ ಅವಳ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಅಫಾಫ್ ಎದುರಿಗಿದ್ದಳು. ಬೈಗುಳಕ್ಕಾಗಿ ಕಾಯುತ್ತಿದ್ದಳು. ಬೈದರೆ ಅಳಬಹುದು, ಕಾಲು ಹಿಡಿಯಬಹುದು, ಎದೆಯ ಭಾರ ಇಳಿಯಬಹುದು ಎಂದು ಅವಳ ಆಸೆ.

ನಬವಿಯಾ ಮುಂದೆ ಬಾಗಿ ಅವಳ ಮಂಡಿ ಮುಟ್ಟಿದಳು. ಸದ್ದಿಲ್ಲದೆ ಅಳುತ್ತಿದ್ದಳು.

"ತಪ್ಪು ನಂದೇ ಕಣವ್ವ ಅಫಾಫೂ. ಎಲ್ಲ ಸರಿಯಾಗೇ ನಡೀತಿತ್ತು. ತಲೆವಸ್ತ್ರನ ಬಾಯಿಗೆ ಒತ್ಕೊಂಡಿದ್ದೆ, ಆದ್ರೂ ಆ ಹಾಳು ಉಸಿರು ತಡೆಯಾಕಾಗ್ಲಿಲ್ಲ. ನಾಳೆ ನಾನೇ ಆ ಅಮ್ಮಾವ್ರ ಮನೆಗೆ ಹೋಗಿ ಬೇಡ್ಕಂತೀನಿ. ನನ್ನ ಮ್ಯಾಲೆ ಕ್ವಾಪ ಮಾಡ್ಕಬ್ಯಾಡ."

ಮಂಡಿಯ ಮೇಲಿದ್ದ ಆ ಕೈಯನ್ನು ಹಿಡಿದುಕೊಳ್ಳುವ ಧೈರ್ಯ ಅಫಾಫ್‌ಗೆ ಬರಲಿಲ್ಲ.