ನಾನೇನು ಹೇಳ್ಲಿ

ಬೆರಳಚ್ಚುಗಾರ್ತಿಯನ್ನು ಮಾತಾಡಿಸುವವರಿರಲಿಲ್ಲ. ಮನೆಯಲ್ಲಿ ಅಪ್ಪನಿದ್ದರು, ನಿಜ. ಅವಳು ಕೆಲಸ ಮಾಡುವ ಕೋರ್ಟಿನಲ್ಲೇ ಗುಮಾಸ್ತರಾಗಿ ನಿವೃತ್ತರಾದವರು. ಬೆಳಿಗ್ಗೆ ಪೇಪರಿನ ಹಿಂದಿನಿಂದ ‘ಚಹಾ’ ಎನ್ನುವರು, ಸಂಜೆ ‘ಇವತ್ತೆಷ್ಟು ಸಾಕ್ಷಿ?’ ಎನ್ನುವರು. ಅಲ್ಲಿಗೆ ದಿನದ ಮಾತು ಮುಗಿಯಿತು. ಕೋರ್ಟಿನಲ್ಲಿ ದಿನವಿಡೀ ಮಾತೇ, ಆದರೆ ಅದರಲ್ಲಿ ಒಂದೂ ಅವಳ ಜೊತೆ ಆಡಿದ್ದಲ್ಲ. ಅಲ್ಲಿ ಅವಳ ಹೆಸರು ಮಿಷನ್ ಅಕ್ಕ.

ಆ ಕೋರ್ಟಿನಲ್ಲೊಂದು ರೂಢಿ. ಸಾಕ್ಷಿ ತನಗೆ ಬಂದ ಹಾಗೆ ಹೇಳುತ್ತಾನೆ. ನ್ಯಾಯಾಧೀಶರು ಅದನ್ನು ತಮ್ಮ ಮಾತಿನಲ್ಲಿ ಚೊಕ್ಕ ಮಾಡಿ ಹೇಳುತ್ತಾರೆ. ಬೆರಳಚ್ಚುಗಾರ್ತಿ ಅದನ್ನಷ್ಟೇ ಹೊಡೆಯುತ್ತಾಳೆ. ಇದಕ್ಕೆ ಎಲ್ಲರೂ ‘ಸೋಸುವುದು’ ಎನ್ನುತ್ತಿದ್ದರು. ಹಾಳೆಯ ಕೆಳಗೆ ‘ಓದಿ ಹೇಳಲಾಯಿತು, ಸರಿಯಿದೆ’ ಎಂಬ ಸಾಲು ಮೊದಲೇ ಅಚ್ಚಾಗಿರುತ್ತಿತ್ತು. ಓದಿ ಹೇಳಿದ್ದನ್ನು ಕಂಡವರಿಲ್ಲ. ಹಾಗಂತ ಯಾರೂ ಕೆಟ್ಟವರಲ್ಲ. ನ್ಯಾಯಾಧೀಶರ ಮುಂದೆ ದಿನಕ್ಕೆ ಅರವತ್ತು ಕಡತ, ತಲೆಯ ಮೇಲೊಂದು ಫ್ಯಾನು; ಅದೂ ತಿರುಗಿದರೆ ತಿರುಗಿತು.

ಅವತ್ತು ಕಟಕಟೆಗೆ ಬಂದವಳು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಗಂಡ ಬಿಟ್ಟಿದ್ದ. ಆರು ವರ್ಷದ ಮಗಳನ್ನು ಅವನ ತಾಯಿ ಕರೆದುಕೊಂಡು ಹೋಗಿ ತನ್ನಲ್ಲೇ ಇಟ್ಟುಕೊಂಡಿದ್ದಳು. ಮಗುವನ್ನು ತನಗೆ ಕೊಡಿಸಿ ಎಂದು ಇವಳ ಅರ್ಜಿ. ಗಂಡನ ವಕೀಲರು ಅಜ್ಜಿಯ ಮನೆಯ ಕೋಣೆ, ಹಾಸಿಗೆ, ಹತ್ತಿರದ ಶಾಲೆ ಎಲ್ಲವನ್ನೂ ವರ್ಣಿಸಿ, ಮಗು ಅಲ್ಲೇ ಇರಲಿ ಅಂದರೆ ನೀವೇನಂತೀರಿ ಎಂದು ಕೇಳಿದರು.

ಅವಳು ಕಟಕಟೆಯ ಮರವನ್ನು ಉಗುರಿನಿಂದ ಕೆರೆದಳು. "ನಾನೇನು ಹೇಳ್ಲಿ ಸ್ವಾಮಿ," ಎಂದಳು.

ನ್ಯಾಯಾಧೀಶರು ಮುಂದಿನ ಕಡತದ ದಾರ ಬಿಚ್ಚುತ್ತ, "ಬರ್ಕೊಳ್ಳಮ್ಮ. ಈ ಬಗ್ಗೆ ನಾನು ಹೇಳುವುದೇನೂ ಇಲ್ಲ," ಎಂದರು.

ಬೆರಳಚ್ಚುಗಾರ್ತಿಯ ಬೆರಳುಗಳು ಒಂದು ಗಳಿಗೆ ನಿಂತವು. ಆಮೇಲೆ ಹೊಡೆದವು.

ತೀರ್ಪು ಬಂತು: ತಾಯಿಯ ಆಕ್ಷೇಪಣೆ ಇಲ್ಲದ್ದರಿಂದ ಮಗು ಅಜ್ಜಿಯ ಬಳಿಯೇ ಇರತಕ್ಕದ್ದು.

ವಾರದ ನಂತರ ಗುಂಡಿಯವಳು ತೀರ್ಪಿನ ಮತ್ತು ಹೇಳಿಕೆಯ ನಕಲು ಹಿಡಿದು ವರಾಂಡಕ್ಕೆ ಬಂದಳು. ಬೈಯಲಿಲ್ಲ, ಅಳಲಿಲ್ಲ. "ಇದ್ರಲ್ಲಿ ನಾನಾಡಿದ್ದು ಎಲ್ಲಿದೆ ತೋರ್ಸಕ್ಕ," ಎಂದಳು.

ಬೆರಳಚ್ಚುಗಾರ್ತಿ ಹಾಳೆಯನ್ನು ಎರಡು ಸಲ ಓದಿದಳು. ತೋರಿಸಲು ಏನೂ ಸಿಗಲಿಲ್ಲ.

ಸಂಜೆ ಅಪ್ಪನಿಗೆ ಹೇಳಿದಳು: ಸಾಕ್ಷಿ ಆಡಿದ್ದು ಇದು, ನಾನು ಹೊಡೆದದ್ದು ಇದು ಎಂದು ಆ ತಾಯಿಯ ಮೇಲ್ಮನವಿಯ ಜೊತೆ ಮೇಲಿನ ಕೋರ್ಟಿಗೆ ಪ್ರಮಾಣಪತ್ರ ಕೊಡುತ್ತೇನೆ. ಅಪ್ಪ ಕನ್ನಡಕ ತೆಗೆದರು. ಸಾಹೇಬರು ಸೋಸದಿದ್ದರೆ ಒಂದು ಕೇಸು ಮುಗಿಯಲು ಒಂದು ಜನ್ಮ ಬೇಕು, ಸಾಕ್ಷಿಗಳ ಗೋಳನ್ನೆಲ್ಲ ಬರೆಯುತ್ತ ಕೂತರೆ ಕಾಗದ ಸಾಲದು ಎಂದು ಬಹಳ ಹೊತ್ತು ವಾದಿಸಿದರು.

"ಹಾಗಾದ್ರೆ ನಾನು ಮೂವತ್ತೈದು ವರ್ಷ ಬರೆದದ್ದೆಲ್ಲ ಸುಳ್ಳೇನೆ?"

"ಅದು ಗೊತ್ತಿಲ್ಲಪ್ಪ. ಅವಳು ಕೇಳಿದ್ದು ಪ್ರಶ್ನೆ. ನಾನು ಅದನ್ನ ಉತ್ತರ ಅಂತ ಬರೆದೆ."

"ಆ ಕೋರ್ಟಿನ ಅನ್ನ ತಿಂದೇ ಬೆಳೆದೋಳು ನೀನು."

"ಹೌದು. ಅದಕ್ಕೇ ಹೇಳ್ತಿರೋದು."

ಅಪ್ಪ ಪೇಪರು ಎತ್ತಿದರು. ಮಾರನೆಯ ದಿನದಿಂದ ‘ಚಹಾ’ ಎನ್ನುವುದನ್ನೂ ನಿಲ್ಲಿಸಿ ತಾವೇ ಮಾಡಿಕೊಂಡರು.

ಪ್ರಮಾಣಪತ್ರ ಹೋಯಿತು. ಕೋರ್ಟಿನ ಊಟದ ಮೇಜಿನಲ್ಲಿ ಅವಳ ಎದುರಿನ ಕುರ್ಚಿ ಖಾಲಿಯಾಯಿತು, ಆಮೇಲೆ ಪಕ್ಕದ್ದು. ಜವಾನ ಅವಳಿಗೆ ಕೇಳಿಸುವ ಹಾಗೆ, "ಇನ್ಮೇಲೆ ಕೆಮ್ಮೋದೂ ಕಷ್ಟ ಕಣ್ರೀ, ಅದನ್ನೂ ಬರ್ಕೊಂಡ್ಬಿಡ್ತಾರೆ," ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳು ನಕ್ಕದ್ದು ಕಂಡು ಅವರು ನಿಲ್ಲಿಸಿದರು.

ಸಾಕ್ಷಿಯನ್ನು ಮತ್ತೆ ವಿಚಾರಿಸಿ ಎಂದು ಮೇಲಿನ ಕೋರ್ಟು ಆದೇಶಿಸುವ ಹೊತ್ತಿಗೆ ಹೊಸ ನ್ಯಾಯಾಧೀಶೆ ಬಂದಿದ್ದರು. ಪ್ರಶ್ನೆಯಾದ ಮೇಲೆ ಪೆನ್ನು ಕೆಳಗಿಟ್ಟು ಸಾಕ್ಷಿಯ ಮುಖ ನೋಡಬೇಕು, ಆಡಿದ್ದನ್ನು ಆಡಿದ ಹಾಗೆ ಬರೆಸಬೇಕು, ಅರ್ಥವಾಗದಿದ್ದರೆ ಮತ್ತೆ ಕೇಳಬೇಕು ಎಂದು ತರಬೇತಿಯಲ್ಲಿ ಅವರಿಗೆ ಕಲಿಸಿದ್ದರು. ಹೊಸ ವಿದ್ಯೆ ಎಂದರೆ ಇಷ್ಟೇ.

ಅದೇ ಪ್ರಶ್ನೆ ಬಂತು. ಗುಂಡಿಯವಳು ಅದನ್ನೇ ಅಂದಳು: "ನಾನೇನು ಹೇಳ್ಲಿ."

"ಹಾಗಂದ್ರೆ ಏನಮ್ಮ?" ಎಂದು ಕೇಳಿ ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದರು.

"ಹೆತ್ತೋಳನ್ನ ಕೇಳೋ ಮಾತಾ ಇದು, ಅಂತ. ಮಗು ನಂಗೆ ಬೇಕು."

ಬೆರಳಚ್ಚುಗಾರ್ತಿ ಅಷ್ಟನ್ನೂ ಹೊಡೆದು, ಎದ್ದು ನಿಂತು, ಗಟ್ಟಿಯಾಗಿ ಓದಿ ಹೇಳಿದಳು.

ಮಗು ತಾಯಿಯ ಮನೆಗೆ ಬಂತು. ಬಾಗಿಲಲ್ಲೇ ನಿಂತು ಅವಳನ್ನು ‘ನೀವು’ ಎಂದು ಮಾತಾಡಿಸಿತು.

ಆ ತಾಯಿ ಮಗಳು ಕಳೆದುಕೊಂಡದ್ದು ಹದಿನಾಲ್ಕು ತಿಂಗಳು. ಕೆಲಸಕ್ಕೆ ಸೇರಿದ ಹನ್ನೊಂದು ವರ್ಷಗಳಲ್ಲಿ ಬೆರಳಚ್ಚುಗಾರ್ತಿ ಹೊಡೆದ ಹೇಳಿಕೆಗಳು ಆರು ಸಾವಿರಕ್ಕೂ ಮೇಲೆ. ಅದರಲ್ಲಿ ಮತ್ತೊಮ್ಮೆ ಕರೆದು ಕೇಳಿದ್ದು ಒಬ್ಬಳನ್ನೇ.